ಗುರುತು ಸಿಕ್ಕರೆ ಏನು ಗತಿ?

ಶಿಡ್ಲಘಟ್ಟದ ಕಡೆಯವರು, ವಯಸ್ಸು 46, ಸಣ್ಣದೊಂದು ರೇಷ್ಮೆ ಬಿಚ್ಚಾಣಿಕೆ ಘಟಕದ ಮಾಲೀಕರು. ಇಲ್ಲಿ ಅವರನ್ನು ಮುನಿರಾಜು ಎನ್ನೋಣ. ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಚಿಕ್ಕಬಳ್ಳಾಪುರದಲ್ಲಿ ಆಪ್ತಸಲಹೆಗೆಂದು ನಾನು ಕೂರುವ ಕೊಠಡಿಗೆ ಅವರನ್ನು ಕರೆತಂದವರು ಹೆಂಡತಿ. ಕುಡಿತ ಬಿಡಲು ಮುನಿರಾಜು ಅವರ ತಕರಾರೇನೂ ಇರಲಿಲ್ಲ. ಅವರ ಭಯವೇ ಬೇರೆ. "ಕುಡಿತ ಬಿಡಲು ಒಟ್ಟುಸೇರುವವರ ಮೀಟಿಂಗ್‌ಗೆ ಹೋಗು ಎನ್ನುತ್ತಾರೆ ಮೇಡಂ. ಗೂಡಿನ ಮಾರುಕಟ್ಟೆಯಲ್ಲಿ ನನ್ನನ್ನು ಅರಿಯದವರು ಯಾರಿದ್ದಾರೆ? ಅಲ್ಲಿ ಯಾರಾದರೂ ನೋಡಿದರೆ ನಾಳೆ ನನಗೆ ಸಾಲ ಕೊಡುವವರು ಯಾರು?" ಇದನ್ನು ಒಣ ಮರ್ಯಾದೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ನಂಬಿಕೆಯ ಮೇಲೆ ಹಣ ಓಡಾಡುವ ವ್ಯಾಪಾರದಲ್ಲಿ ಹೆಸರು ಕೆಟ್ಟರೆ ಒಲೆ ಆರುತ್ತದೆ. (ದಿನವೂ ಬಾರಿನಲ್ಲಿ ಕುಳಿತಿದ್ದನ್ನು ಊರೆಲ್ಲ ನೋಡಿದೆಯಲ್ಲ ಎಂದು ಹೆಂಡತಿ ಗೊಣಗಿದ್ದೂ ಸುಳ್ಳಲ್ಲ.)

ಆದರೆ ಸಭೆಯ ಮಾತಿಗೆ ಮೊದಲು ಬೇರೊಂದು ಕೆಲಸವಿತ್ತು. ಬೆಳಿಗ್ಗೆ ಬೇಯಿಸಿದ ಗೂಡಿನಿಂದ ಎಳೆ ಹಿಡಿಯಲು ಹೋದರೆ ಅವರ ಬೆರಳು ನಿಲ್ಲುತ್ತಿರಲಿಲ್ಲ. ಒಂದು ನೈಂಟಿ ಹಾಕಿದ ಮೇಲೆಯೇ ಎಳೆ ಸಿಗುತ್ತಿತ್ತು. ಹಿಂದೊಮ್ಮೆ ಶಬರಿಮಲೆಗೆ ಮಾಲೆ ಹಾಕಿ ಒಮ್ಮೆಗೇ ನಿಲ್ಲಿಸಿದಾಗ ಮೂರನೆಯ ರಾತ್ರಿ ಎದ್ದು ಕುಳಿತು, ಇಲ್ಲದವರೊಡನೆ ಗೂಡಿನ ರೇಟು ಮಾತನಾಡುತ್ತಿದ್ದರಂತೆ. ಗಾಳಿ ಸೋಕಿದೆ ಎಂದು ಮನೆಯವರು ತಾಯತ ಕಟ್ಟಿಸಿದ್ದರು. ಅದು ಗಾಳಿಯಲ್ಲ. ದೇಹ ಮದ್ಯಕ್ಕೆ ಒಗ್ಗಿಹೋದವರು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಸನ್ನಿ ಹಿಡಿದು ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ಮೊದಲು ಮನೋವೈದ್ಯರ ಬಳಿಗೆ ಕಳುಹಿಸಿದೆ. ಅವರು ಆಸ್ಪತ್ರೆಯಲ್ಲಿ ಇರಿಸಿಕೊಂಡು, ಥಯಾಮಿನ್ ಚುಚ್ಚುಮದ್ದು ಕೊಟ್ಟು, ನಡುಕದ ಮಾತ್ರೆಯನ್ನು ದಿನದಿನಕ್ಕೂ ಇಳಿಸುತ್ತಾ ಬಂದರು.

ಹೆಂಡತಿಯೊಡನೆ ಬೇರೆಯಾಗಿ ಮಾತನಾಡಿದೆ. ಅವರ ಚೀಲದಲ್ಲಿ ಒಂದು ಪುಡಿಯ ಡಬ್ಬಿ ಇತ್ತು. ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಎಂಬ ಜಾಹೀರಾತು ನೋಡಿ ತರಿಸಿದ್ದು. "ಇದನ್ನು ಬೆರೆಸಬೇಡಿ ಅಮ್ಮ. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇರಬಹುದು. ಅದು ತಿಳಿಯದೆ ಅವರು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಜೀವ ಹೋಗಬಹುದು" ಎಂದೆ. ವೈದ್ಯರೂ ಆ ಔಷಧಿಯನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡುತ್ತಾರೆ. ಹೆಂಡತಿಗೂ ಒಂದು ಆಸರೆ ಬೇಕಿತ್ತು; ಕುಡಿಯುವವರ ಮನೆಯವರಿಗಾಗಿಯೇ ಇರುವ ಅಲ್‌–ಅನಾನ್ ಕೂಟದ ಬಗ್ಗೆ ತಿಳಿಸಿದೆ.

ಇನ್ನು ಸಭೆ. ಆಲ್ಕೋಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶುರುವಾದದ್ದು ಕುಡಿತಕ್ಕೆ ಸಿಕ್ಕಿದ್ದ ಇಬ್ಬರಿಂದ, ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಶಸ್ತ್ರವೈದ್ಯ. ಹೆಸರು ಕೆಡುವ ಭಯ ಅವರಿಗೂ ಇದ್ದೀತು. ಅನಾಮಿಕತೆ ಆ ಕೂಟದ ಬುನಾದಿಯೇ ಆಗಿದೆ. ಅಲ್ಲಿ ಶುಲ್ಕವಿಲ್ಲ. ಕುಡಿತ ನಿಲ್ಲಿಸುವ ಆಸೆಯೊಂದಿದ್ದರೆ ಸದಸ್ಯರಾದಂತೆಯೇ. ಇಷ್ಟು ಹೇಳಿದರೂ ಮುನಿರಾಜು ಅವರ ಹುಬ್ಬಿನ ಗಂಟು ಸಡಿಲಲಿಲ್ಲ. ಅದಕ್ಕೇ ನನ್ನ ಸಲಹೆ ಸಣ್ಣಸಣ್ಣದಾಗಿತ್ತು: ಮೊದಲು ಫೋನ್ ಮಾಡಿ, ಸಭೆ ಕನ್ನಡದಲ್ಲೋ ತೆಲುಗಿನಲ್ಲೋ, ಹೊರಗಿನವರೂ ಬರಬಹುದಾದ ಮುಕ್ತ ಸಭೆಯೋ, ಕುಡಿತದ ತೊಂದರೆ ಇರುವವರಿಗಷ್ಟೇ ಇರುವುದೋ ಎಂದು ಕೇಳಿ. ನಿಮ್ಮೂರು ಬೇಡವೆಂದರೆ ಮೊದಲ ಸಲ ಬೆಂಗಳೂರಿಗೆ ಹೋಗಿ. ಮಾತನಾಡಲೇಬೇಕಿಲ್ಲ; "ಇವತ್ತು ಕೇಳುತ್ತೇನೆ" ಎಂದರೆ ಸಾಕು. ಎದ್ದು ಬರುವ ಮುಂಚೆ ಒಬ್ಬರ ಮೊಬೈಲ್ ನಂಬರ್ ಮಾತ್ರ ಇಸಿದುಕೊಳ್ಳಿ. ಒಂದೇ ಸಭೆ ನೋಡಿ ತೀರ್ಪು ಕೊಡಬೇಡಿ, ಗುಂಪಿನಿಂದ ಗುಂಪಿಗೆ ಹದ ಬೇರೆ.

ಬೆಂಗಳೂರಿಗೆ ಹೋದರು. ಹಿಂದಿನ ಸಾಲಿನಲ್ಲಿ ಕುಳಿತು, ಟೀ ಕುಡಿದು, ಯಾರೊಡನೆಯೂ ಮಾತನಾಡದೆ ಬಂದರು. ಆದರೆ ವಾರವಾರ ಅಷ್ಟು ದೂರ ಓಡಾಡಿದರೆ ಘಟಕ ನೋಡುವವರಾರು? ಕೊನೆಗೆ ಹತ್ತಿರದ ಸಭೆಗೇ ಹೋದರು. ಅಂಜಿದ್ದೇ ಆಯಿತು: ಎದುರಿಗೆ ದಿನವೂ ತಮ್ಮ ಊರಿನ ಮೇಲೆ ಹೋಗುವ ಬಸ್ಸಿನ ಚಾಲಕ. "ಬನ್ನಿ ಅಣ್ಣ, ಬಾಗಿಲ ಹತ್ತಿರ ಕೂರಿ, ಆ ಕಡೆಯ ಫ್ಯಾನ್ ಮಾತ್ರ ತಿರುಗುತ್ತದೆ" ಎಂದನಂತೆ. ಮರುದಿನ ಬಸ್ಸಿನಲ್ಲಿ ಸಿಕ್ಕಾಗ ಅದರ ಸುದ್ದಿಯನ್ನೇ ಎತ್ತಲಿಲ್ಲವಂತೆ. ನನ್ನ ಅರ್ಧ ಗಂಟೆಯ ವಿವರಣೆಗಿಂತ ಆ ಮೌನ ಹೆಚ್ಚು ಕೆಲಸ ಮಾಡಿತು.

ಯುಗಾದಿಯ ಹೊಸತೊಡಕಿಗೆ ಜಾರಿದರು. ಬಾಡೂಟದ ಜೊತೆ ಭಾವಮೈದುನ ಲೋಟ ಹಿಡಿಸಿದ್ದ. ಮೂರು ದಿನ ತಲೆಮರೆಸಿಕೊಂಡು, ನಾಲ್ಕನೆಯ ದಿನ ಚಾಲಕನಿಗೆ ಫೋನ್ ಮಾಡಿದರು. ನನ್ನ ಬಳಿ ಬಂದಾಗ ಬೈಗುಳಕ್ಕೆ ಸಿದ್ಧವಾಗಿದ್ದರು. ನಾನು ಕೇಳಿದ್ದು, ಕೈ ನಡುಗುತ್ತಿದೆಯೇ, ವೈದ್ಯರನ್ನು ಕಂಡಿರಾ, ಮುಂದಿನ ಬಾಡೂಟ ಯಾವಾಗ? ಹಬ್ಬದ ದಿನ ಸಂಜೆ ನಾಲ್ಕಕ್ಕೇ ಆ ಚಾಲಕನಿಗೆ ಫೋನ್ ಮಾಡಬೇಕು, ಕತ್ತಲಾಗುವವರೆಗೆ ಕಾಯಬಾರದು ಎಂದು ಗೊತ್ತುಮಾಡಿಕೊಂಡೆವು. ರಾತ್ರಿ ಯಾರೂ ಸಿಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡನ್ನೂ ಹೆಂಡತಿಯ ಮೊಬೈಲಿನಲ್ಲಿ ಉಳಿಸಿಕೊಟ್ಟೆ.

ಸಭೆಯ ಕೊನೆಯ ಪ್ರಾರ್ಥನೆ ಅವರಿಗೆ ಇಂದಿಗೂ ಒಗ್ಗಿಲ್ಲ. "ಎಲ್ಲರೂ ಹೇಳುವಾಗ ಸುಮ್ಮನೆ ನಿಲ್ಲುತ್ತೇನೆ, ಪರವಾಗಿಲ್ಲವೇ?" ಎಂದು ಕಳೆದ ಭೇಟಿಯಲ್ಲಿ ಕೇಳಿದರು. ಪರವಾಗಿಲ್ಲ ಎಂದೆ.