ಸರ್ಕಾರ ಎಲ್ಲಿ ಬೇಕು, ಎಲ್ಲಿ ಬೇಡ?

ಪ್ರಶ್ನೆ: ಸಾರ್, ನಮ್ಮದು ಸಣ್ಣ ಕಾಫಿ ತೋಟ. ಬೆಂಗಳೂರಲ್ಲಿ ಕೆಲಸ ಮಾಡುವ ಮಗ ಕಾಫಿ ಕುಯ್ಲಿಗೆ ಬಂದಿದ್ದ. ಅವನು ಈಗ ಲಿಬರ್ಟೇರಿಯನ್ ಅಂತೆ. ಪೊಲೀಸು, ಕೋರ್ಟು, ಸೈನ್ಯ ಬಿಟ್ಟು ಸರ್ಕಾರ ಬೇರೆ ಯಾವುದಕ್ಕೂ ಕೈ ಹಾಕಬಾರದು ಅನ್ನುತ್ತಾನೆ. ನಾನು ಒಪ್ಪಲಿಲ್ಲ, ಆದರೆ ಸರಿಯಾದ ಉತ್ತರವೂ ಹೊಳೆಯಲಿಲ್ಲ. ಅವನ ಮಾತಿನಲ್ಲಿ ಹುರುಳಿದೆಯಾ?
(ಬೆಳೆಗಾರರು, ಸಿದ್ದಾಪುರ)

ಉತ್ತರ: ಇದೆ, ಜಾಸ್ತಿಯೇ ಇದೆ. ನನ್ನ ದುಡಿಮೆ ನನ್ನದು, ನನ್ನ ಆಸ್ತಿ ನನ್ನದು, ಇನ್ನೊಬ್ಬರಿಗೆ ತೊಂದರೆ ಮಾಡದಿದ್ದರೆ ನನ್ನನ್ನು ಯಾರೂ ತಡೆಯಬಾರದು. ಲಿಬರ್ಟೇರಿಯನ್ನರ ವಾದದ ತಿರುಳು ಇಷ್ಟೇ. ಅಮೆರಿಕದ ರಾಬರ್ಟ್ ನೋಝಿಕ್ 1970ರ ದಶಕದಲ್ಲಿ ಇದನ್ನು ಬಹಳ ಗಟ್ಟಿಯಾಗಿ ಮಂಡಿಸಿದರು.

ಕೊಡಗಿನವರಿಗೆ ಇದು ಹೊಸದೇನೂ ಆಗಬಾರದು. ಪೂಲ್ ಕಾಲ ನಿಮಗೆ ನೆನಪಿರಬಹುದು, ಎಲ್ಲರ ಕಾಫಿಯನ್ನೂ ಸರ್ಕಾರದ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಕಾಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರರು ಮುಳುಗುತ್ತಿದ್ದರು. ಅವರನ್ನು ಉಳಿಸಲು 1942ರ ಕಾಫಿ ಕಾಯ್ದೆ ಬಂತು. ಆಗ ಅದು ಬೇಕಿತ್ತು. ಯುದ್ಧ ಮುಗಿಯಿತು, ಪೂಲ್ ಮಾತ್ರ ಮುಗಿಯಲಿಲ್ಲ! ನಿಮ್ಮ ತೋಟದ ಕಾಫಿಯನ್ನು ನೀವೇ ಮಾರುವ ಹಾಗಿರಲಿಲ್ಲ, ಎಲ್ಲವನ್ನೂ ಮಂಡಳಿಯ ಪೂಲ್‌ಗೆ ಹಾಕಬೇಕಿತ್ತು, ದುಡ್ಡು ಕಂತಿನಲ್ಲಿ ಯಾವಾಗಲೋ ಬರುತ್ತಿತ್ತು. 1990ರ ದಶಕದಲ್ಲಿ ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ಕಷ್ಟಕಾಲಕ್ಕೆಂದು ಒಳಗೆ ಬಂದ ಸರ್ಕಾರ ಐವತ್ತು ವರ್ಷ ಹೊರಗೆ ಹೋಗಲಿಲ್ಲ. ಇದನ್ನು ನಿಮ್ಮ ಮಗನ ಪರವಾದ ಅಂಕ ಎಂದು ಬರೆದುಕೊಳ್ಳಿ.

ಮರದ ವಿಷಯದಲ್ಲೂ ಅವನೇ ಸರಿ ಎಂದು ನನಗನಿಸುತ್ತದೆ. ಅನ್‌ರಿಡೀಮ್ಡ್ ಜಾಗದಲ್ಲಿ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಳ್ಳದ ಜಾಗದಲ್ಲಿ, ಬೀಟೆ ಮರ ತಾನಾಗಿ ಹುಟ್ಟಿ ಬೆಳೆದರೆ ಅದರ ಹಕ್ಕು ಸರ್ಕಾರದ್ದು. ನೆರಳು ನೋಡಿಕೊಂಡವರು ನೀವು, ಕಡಿಯಲು ಅನುಮತಿಗೆ ಅಲೆಯುವವರೂ ನೀವೇ. ಆಮೇಲೆ ಏನಾಗುತ್ತದೆ? ಬೀಟೆಯ ಸಸಿ ಕಂಡರೆ ಬೆಳೆಗಾರ ಸುಮ್ನೆ ಕಿತ್ತು ಹಾಕುತ್ತಾನೆ, ಆ ಜಾಗಕ್ಕೆ ಸಿಲ್ವರ್ ಓಕ್ ನೆಡುತ್ತಾನೆ. ಯಾಕೆಂದರೆ ಸಿಲ್ವರ್ ಕಡಿಯುವುದಕ್ಕೆ ಅಷ್ಟು ರಗಳೆ ಇಲ್ಲ. ಕಾಡುಮರ ಉಳಿಸಲು ಮಾಡಿದ ನಿಯಮವೇ ತೋಟದಿಂದ ಕಾಡುಮರವನ್ನು ಓಡಿಸುತ್ತಿದೆ. ಹಕ್ಕು ಬೆಳೆಗಾರನಿಗೇ ಕೊಟ್ಟಿದ್ದರೆ ಇವತ್ತು ಇನ್ನೂ ಎಷ್ಟೋ ಬೀಟೆ ನಿಂತಿರುತ್ತಿತ್ತು.

ಆದರೆ ನಿಮ್ಮ ಮಗನಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. 2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಮಳೆ ವಿಪರೀತ ಬಂದಿತ್ತು, ಅದು ನಿಜ. ಆದರೆ ರಸ್ತೆಗೆ, ಕಟ್ಟಡಕ್ಕೆ ಇಳಿಜಾರು ಕಡಿದಿದ್ದೂ ಮಣ್ಣನ್ನು ಸಡಿಲ ಮಾಡುತ್ತದೆ. ಮೇಲಿನವನು ತನ್ನ ಸ್ವಂತ ಜಾಗದಲ್ಲಿ ಜೆಸಿಬಿ ಓಡಿಸಿದ, ಕೆಳಗಿನವನ ಮನೆ ಹೋಯಿತು ಅಂದುಕೊಳ್ಳಿ. ಇಲ್ಲಿ ಯಾರ ಆಸ್ತಿ, ಯಾರ ಸ್ವಾತಂತ್ರ್ಯ? ಕೋರ್ಟಿಗೆ ಹೋಗಿ ಪರಿಹಾರ ಕೇಳಲಿ ಎಂದು ಲಿಬರ್ಟೇರಿಯನ್ನರು ಹೇಳುತ್ತಾರೆ. ಹತ್ತು ಜನ ಹತ್ತು ಕಡೆ ಸ್ವಲ್ಪ ಸ್ವಲ್ಪ ಕಡಿದಿದ್ದರೆ ಯಾರ ಮೇಲೆ ಕೇಸ್ ಹಾಕುವುದು? ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ. ಇಂಥ ಕಡೆ ಗುಡ್ಡ ಜಾರುವ ಮೊದಲೇ ಬೇಡ ಎನ್ನುವ ಅಧಿಕಾರ ಯಾರಿಗಾದರೂ ಇರಲೇಬೇಕು, ಮತ್ತು ಅದು ಪ್ರಭಾವಕ್ಕೆ ಬಗ್ಗದ ಹಾಗೆ ಇರಬೇಕು. ಇದರಲ್ಲಿ ನಾನು ಒಂದಿಂಚೂ ಬಿಟ್ಟುಕೊಡುವುದಿಲ್ಲ.

ಇನ್ನೊಂದು, ಸಂಶೋಧನೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಕೇಂದ್ರ ಇದೆ. ಕಾಯಿಕೊರಕ, ಬಿಳಿ ಕಾಂಡಕೊರಕದಂಥ ಕಾಫಿ ಕೀಟಗಳ ಮೇಲೆ ವರ್ಷಗಟ್ಟಲೆ ಕೂತು ಕೆಲಸ ಮಾಡಲು ಐದು ಎಕರೆಯವರಿಗೆ ಸಾಧ್ಯವಾ? ಒಬ್ಬರು ದುಡ್ಡು ಹಾಕಿದರೆ ಲಾಭ ಎಲ್ಲರಿಗೂ ಹೋಗುತ್ತದೆ, ಹಾಗಾಗಿ ಯಾರೂ ಹಾಕುವುದಿಲ್ಲ.

ಇನ್ನು ಕೊನೆಯದು, ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಆಸ್ತಿ ಹಕ್ಕು ಪವಿತ್ರ ಎನ್ನುವವರು ಆ ಹಕ್ಕು ಯಾರ ಕೈಗೆ ಹೇಗೆ ಬಂತು ಎಂದೂ ಕೇಳಬೇಕು. ನಿಮ್ಮ ಊರಿನ ಹತ್ತಿರದ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್‌ನಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದರಲ್ಲ, ಅವರಲ್ಲಿ ಎಷ್ಟೋ ಜನ ತೋಟದ ಲೈನ್ ಮನೆಗಳಿಂದ, ಅಂದರೆ ಧಣಿ ಕೂಲಿಯವರಿಗೆ ಕೊಡುವ ಸಾಲುಮನೆಗಳಿಂದ, ಬಂದವರು. ಲೈನ್ ಮನೆಯಲ್ಲಿ ಕೆಲಸ ಬಿಟ್ಟರೆ ಸೂರೂ ಹೋಗುತ್ತದೆ. ಅಂಥವನು ಧಣಿಯ ಜೊತೆ ಸರಿಸಮನಾಗಿ ಕೂತು ಕೂಲಿಯ ಮಾತಾಡುತ್ತಾನೆ ಎಂದು ನಂಬುವುದು ನನಗೆ ಕಷ್ಟ. ಅದೇ ಸಮಯಕ್ಕೆ, ಗುಡಿಸಲು ಕೆಡವಿದ್ದು ಸರ್ಕಾರವೇ, ಅದನ್ನೂ ಮರೆಯಬೇಡಿ. ಅವರಿಗೆ ಸರ್ಕಾರದ ದಬ್ಬಾಳಿಕೆಯಿಂದ ರಕ್ಷಣೆಯೂ ಬೇಕು, ಸರ್ಕಾರದ ನೆರವೂ ಬೇಕು. ಈ ಮಾತಿಗೆ ನಿಮ್ಮ ಮಗ ಏನು ಹೇಳುತ್ತಾನೆ, ಖಂಡಿತ ಬರೆಯಿರಿ.

ಪ್ರಶ್ನೆ: ಸರ್ಕಾರ ಬೇಡ ಎನ್ನುವ ಬೆಳೆಗಾರರೇ ಬೆಲೆ ಬಿದ್ದಾಗ ಪ್ಯಾಕೇಜ್ ಕೊಡಿ ಅನ್ನುತ್ತಾರೆ. ಇದು ನ್ಯಾಯವಾ?
(ಶಿಕ್ಷಕಿ, ಸೋಮವಾರಪೇಟೆ)

ಉತ್ತರ: ನ್ಯಾಯ ಅಲ್ಲ, ಮೇಡಂ. ವಿಯೆಟ್ನಾಂ ಕರಿಮೆಣಸು ಬಂದು ಬೆಲೆ ಕುಸಿದಾಗ ಆಮದು ತಡೆಯಿರಿ ಎಂದೆವು, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 2010ರಲ್ಲಿ ಕಾಫಿ ಸಾಲಕ್ಕೆ ಪರಿಹಾರದ ಪ್ಯಾಕೇಜ್ ಬಂತು. ಆದರೆ 2024ರಲ್ಲಿ ರೊಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) 50 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿದಾಗ, ಸರ್ಕಾರ ಒಂದು ಪಾಲು ತೆಗೆದುಕೊಳ್ಳಲಿ ಎಂದು ಯಾರೂ ಹೇಳಲಿಲ್ಲ ಅಲ್ವಾ? ಕಷ್ಟಕ್ಕೆ ಸಹಾಯ ಕೇಳುವುದು ತಪ್ಪಲ್ಲ. ಒಳ್ಳೆಯ ವರ್ಷದಲ್ಲಿ ಎಲ್ಲರೂ ಕಡ್ಡಾಯವಾಗಿ ಸ್ವಲ್ಪ ಕಟ್ಟಿ, ಕೆಟ್ಟ ವರ್ಷಕ್ಕೆ ಇಡುವ ನಿಧಿ ಇರಲಿ. ಅದರ ಲೆಕ್ಕ ಬೆಳೆಗಾರರ ಕಣ್ಣೆದುರಿಗೇ ಇರಲಿ. ಆಗ ಯಾರ ಮುಂದೆಯೂ ಕೈ ಚಾಚುವ ಪ್ರಶ್ನೆ ಬರುವುದಿಲ್ಲ.

ಪ್ರಶ್ನೆ: ಸರ್ಕಾರವೂ ಬೇಡ, ಮಾರುಕಟ್ಟೆಯೂ ಬೇಡ ಎನ್ನುವ ಮೂರನೇ ದಾರಿ ಇಲ್ಲವಾ?
(ಪದವಿ ವಿದ್ಯಾರ್ಥಿ, ವಿರಾಜಪೇಟೆ)

ಉತ್ತರ: ಇದೆ. ನಿಮ್ಮೂರಿನ ದೇವರಕಾಡು ನೋಡಿ. ಜಿಲ್ಲೆಯಲ್ಲಿ ಇಂಥವು ಸಾವಿರಕ್ಕೂ ಜಾಸ್ತಿ ಇವೆ. ಬಹಳ ಕಾಲ ಅವನ್ನು ಕಾದಿದ್ದು ಊರಿನವರು, ಅವರ ಕಟ್ಟುಪಾಡು. ಅಮೆರಿಕದ ಎಲಿನಾರ್ ಆಸ್ಟ್ರಮ್ ಜನರೇ ಸೇರಿ ಕಾಡು, ನೀರು ಕಾಯುವುದು ಹೇಗೆ ಎಂದು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಗಡಿ ಸ್ಪಷ್ಟ ಇರಬೇಕು, ನಿಯಮವನ್ನು ಬಳಸುವವರೇ ಮಾಡಬೇಕು, ಮುರಿದವನಿಗೆ ಶಿಕ್ಷೆ ಸಣ್ಣದರಿಂದ ಶುರುವಾಗಬೇಕು ಎಂದು ಅವರು ಕಂಡುಕೊಂಡರು. ಆದರೆ ಒತ್ತುವರಿ ಮಾಡುವವನು ಊರಿಗಿಂತ ಬಲವಾದವನಾದರೆ ಕಟ್ಟುಪಾಡು ಸಾಲದು. ಎಷ್ಟೋ ದೇವರಕಾಡು ಕರಗಿದ್ದೇ ಹಾಗೆ. ಆಗ ಊರಿನವರ ಬೆನ್ನಿಗೆ ಕಾನೂನು ಬೇಕು. ಮುಂದಿನ ಗ್ರಾಮಸಭೆಗೆ ಹೋದರೆ ನಿಮ್ಮೂರ ದೇವರಕಾಡಿನ ಸರ್ವೆ ಆಗಿದೆಯಾ, ಗಡಿ ಕಲ್ಲು ನೆಟ್ಟಿದ್ದಾರಾ ಎಂದು ಕೇಳಿ.