ದಾರಾಬ್ ಹೆಸರು ಬಿಟ್ಟದ್ದು ನಮ್ಮ ತಪ್ಪು

ಧಾರವಾಡದ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯ ಅವೆಸ್ತಾ ಲೇಖನದ ತುಂಬ ಯುರೋಪಿನ ಪಂಡಿತರೇ. ವೇದ ನಮ್ಮದು, ಅವೆಸ್ತಾ ಪಾರ್ಸಿಗಳದು. ಅರ್ಥ ಹೇಳಲು ಅವರೇ ಬರಬೇಕಿತ್ತಾ?’

ಸಂಪಾದಕರ ಉತ್ತರ:

ನಿಮ್ಮ ಸಿಟ್ಟಿನಲ್ಲಿ ಅರ್ಧ ನಾನೂ ಪಾಲುದಾರ.

ಆಂಕೆತಿಲ್ ದ್ಯುಪೆರೋನ್ ಎಂಬ ಫ್ರೆಂಚ್ ತರುಣ 1758ರಲ್ಲಿ ಸೂರತ್ತಿಗೆ ಬಂದ. ಪಾರ್ಸಿಗಳ ಧರ್ಮಗ್ರಂಥವಾದ ಅವೆಸ್ತಾವನ್ನು ಅವನಿಗೆ ಹೇಳಿಕೊಟ್ಟವರು ಅಲ್ಲಿನ ಪಾರ್ಸಿ ಪುರೋಹಿತ ದಸ್ತೂರ್ ದಾರಾಬ್. ಹಿರಿಯರಿಂದ ಬಂದ ಅರ್ಥವನ್ನು ದಾರಾಬ್ ಪರ್ಷಿಯನ್ನಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಇವನು ಕೂತು ಬರೆದುಕೊಳ್ಳುತ್ತಿದ್ದ. 1771ರ ಫ್ರೆಂಚ್ ಅನುವಾದದ ಬೇರು ಆ ಪಾಠದಲ್ಲಿದೆ. ಅದು ಅಸಲಿಯಲ್ಲ ಎಂದು ಇಂಗ್ಲಿಷ್ ಪಂಡಿತ ವಿಲಿಯಂ ಜೋನ್ಸ್ ಹರಿಹಾಯ್ದ. ಆಗಿನ್ನೂ ಅವನಿಗೆ ಸಂಸ್ಕೃತವೇ ಬರುತ್ತಿರಲಿಲ್ಲ! ಅವೆಸ್ತಾದ ಭಾಷೆ ನಿಜಕ್ಕೂ ಪುರಾತನ ಎಂದು 1826ರಲ್ಲಿ ಡೆನ್ಮಾರ್ಕಿನ ಭಾಷಾಪಂಡಿತ ರಾಸ್ಕ್ ತೋರಿಸಿಕೊಟ್ಟ. ಬೈಗುಳವೂ ಆಂಕೆತಿಲನಿಗೆ, ಹೊಗಳಿಕೆಯೂ ಅವನಿಗೇ. ನಮ್ಮ ಲೇಖನದಲ್ಲೂ ದಾರಾಬ್ ಇಲ್ಲ. ಇದಕ್ಕೆ ಕ್ಷಮೆ ಕೇಳುತ್ತೇನೆ.

ವೇದದ್ದೂ ಇದೇ ಕಥೆ. ಜರ್ಮನ್ ಪಂಡಿತ ಮ್ಯಾಕ್ಸ್ ಮುಲ್ಲರ್ ಭಾರತಕ್ಕೆ ಒಮ್ಮೆಯೂ ಬಂದವನಲ್ಲ. ಅವನು ಅಚ್ಚು ಹಾಕಿಸಿದ ಋಗ್ವೇದದ ಜೊತೆಗಿರುವುದು ಸಾಯಣರ ಭಾಷ್ಯ, ಅಂದರೆ ನಮ್ಮ ವಿಜಯನಗರದಲ್ಲಿ ಬುಕ್ಕರಾಯನ ಕಾಲದಲ್ಲಿ ಆದ ಕೆಲಸ.

ಹಾಗಂತ ಯುರೋಪಿನ ಪಂಡಿತರು ಸುಮ್ನೆ ನಕಲು ಮಾಡಿದರು ಅನ್ನಲಾರೆ. ವೇದ, ಅವೆಸ್ತಾ ಎರಡನ್ನೂ ಪಕ್ಕಪಕ್ಕ ಇಟ್ಟು, ಮಾತಿಗೆ ಮಾತು ಹೋಲಿಸಿ ನೋಡಿದರು. ನಮ್ಮ ಹಳೆಯ ‘ಪಾಲು’ ‘ಹಾಲು’ ಆಯಿತಲ್ವಾ? ಹಾಗೆಯೇ ಅವೆಸ್ತಾದಲ್ಲಿ ‘ಸ’ಕಾರ ‘ಹ’ಕಾರವಾಗಿದೆ. ಸೋಮ ಅಲ್ಲಿ ಹಓಮ, ಅಸುರ ಅಲ್ಲಿ ಅಹುರ, ಅಂದರೆ ಒಡೆಯ, ದೇವರು. ಋಗ್ವೇದದಲ್ಲಿ ವರುಣನನ್ನೂ ಅಸುರ ಎಂದು ಗೌರವದಿಂದಲೇ ಕರೆದಿದ್ದಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. 1860ರ ದಶಕದಲ್ಲಿ ಪುಣೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದ ಜರ್ಮನಿಯ ಮಾರ್ಟಿನ್ ಹೌಗ್, ನಮ್ಮಲ್ಲಿ ದೇವ ಒಳ್ಳೆಯವನು, ಅವರಲ್ಲಿ ದಏವ ಕೆಟ್ಟವನು ಎಂಬುದನ್ನು ಹಿಡಿದು ಎರಡು ಪಂಗಡಗಳ ಧರ್ಮಜಗಳದ ಕಥೆಯನ್ನೇ ಕಟ್ಟಿದ. ಅದು ಊಹೆ. ಅದೇ ಹೌಗ್ ಅವೆಸ್ತಾದ ಹಳೆಯ ಸ್ತೋತ್ರಗಳಾದ ಗಾಥೆಗಳನ್ನು ಬೇರ್ಪಡಿಸಿ, ಪಾರ್ಸಿ ಧರ್ಮದ ಪ್ರವಾದಿ ಜರಥುಷ್ಟ್ರನ ಸ್ವಂತ ಮಾತು ಇವು, ಇದರಲ್ಲಿ ಒಬ್ಬನೇ ದೇವರು ಎಂದ. ಪಾರ್ಸಿಗಳದು ಎರಡು ದೇವರ ಧರ್ಮ ಎಂದು ಮುಂಬೈಯ ಮಿಷನರಿಗಳು ಹೀಗಳೆಯುತ್ತಿದ್ದ ಕಾಲ ಅದು. ಸುಧಾರಣೆ ಬಯಸಿದ ಪಾರ್ಸಿಗಳಿಗೆ ಅವನ ಮಾತೇ ಗುರಾಣಿಯಾಯಿತು. ಹೊರಗಿನವನ ವ್ಯಾಖ್ಯಾನ ಹೀಗೆ ಅವರ ನಂಬಿಕೆಯೊಳಗೇ ಸೇರಿಹೋಯಿತು. ಈಗ ಅದನ್ನು ಬಿಡಿಸಿ ತೆಗೆಯಿರಿ ಎಂದು ಅವರಿಗೆ ಹೇಳಲು ನಾವು ಯಾರು?

ಲೇಖನದ ಮುಂದಿನ ಕಂತಿನಲ್ಲಿ ಹೌಗ್ ಇರುತ್ತಾನೆ. ಅವನಿಗಿಂತ ಮೊದಲು ದಾರಾಬ್ ಇರುತ್ತಾರೆ.