ಅಮ್ಮ ಒಬ್ಬರೇ ಇರುವ ಮನೆಗೆ ಯಾವ ಪ್ಲಂಬರನನ್ನು ಕರೆಸಲಿ?

ಪ್ರಶ್ನೆ: ನನ್ನ ತಾಯಿಗೆ 76 ವರ್ಷ. ತಂದೆ ತೀರಿಕೊಂಡ ಮೇಲೆ ಬೆಂಗಳೂರಿನ ರಾಜಾಜಿನಗರದ ನಮ್ಮ ಹಳೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಮೊಣಕಾಲು ನೋವಿದೆ, ಕಿವಿ ಸ್ವಲ್ಪ ಮಂದ. ನಾನು ಹೈದರಾಬಾದಿನಲ್ಲಿದ್ದೇನೆ, ಅಣ್ಣ ಅಮೆರಿಕದಲ್ಲಿದ್ದಾನೆ. ಎರಡು ತಿಂಗಳ ಹಿಂದೆ ಬಚ್ಚಲುಮನೆಯ ನಲ್ಲಿ ಸೋರತೊಡಗಿದಾಗ, ಗೇಟಿಗೆ ಯಾರೋ ಅಂಟಿಸಿ ಹೋಗಿದ್ದ ಸ್ಟಿಕ್ಕರಿನ ನಂಬರಿಗೆ ಅಮ್ಮ ಫೋನ್ ಮಾಡಿದರು. ಬಂದ ಇಬ್ಬರು, ಗೋಡೆಯೊಳಗಿನ ಪೈಪೇ ತುಕ್ಕು ಹಿಡಿದಿದೆ ಎಂದು ಟೈಲ್ಸ್ ಒಡೆದು, 18,000 ರೂಪಾಯಿ ಪಡೆದು, ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೋದರು. ಅದರಲ್ಲಿ 12,000 ರೂಪಾಯಿಯನ್ನು ಅಮ್ಮನಿಂದ ಪಿನ್ ಕೇಳಿ, ಅವರ ಫೋನಿನಿಂದ ತಾವೇ ವರ್ಗಾಯಿಸಿಕೊಂಡರಂತೆ. ಒಂದು ವಾರದ ನಂತರ ಮತ್ತೆ ಬಂದು ಇನ್ನಷ್ಟು ಹಣ ಕೇಳಿದ್ದಾರೆ. ಅಮ್ಮ ಇದನ್ನೆಲ್ಲ ಮುಚ್ಚಿಟ್ಟಿದ್ದರು. ಪಕ್ಕದ ಮನೆಯವರಿಂದ ನನಗೆ ತಿಳಿಯಿತು. ಸಿಟ್ಟಿನಲ್ಲಿ, ‘ಇನ್ನು ನನ್ನನ್ನು ಕೇಳದೆ ಯಾರನ್ನೂ ಒಳಗೆ ಬಿಡಬೇಡ’ ಎಂದುಬಿಟ್ಟೆ. ಈಗ ಅವರು ಸೋರುವ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಸ್ನಾನಕ್ಕೆ ಹಿತ್ತಲಿನ ಬಚ್ಚಲಿಗೆ ಹೋಗುತ್ತಿದ್ದಾರೆ. ಯಾರನ್ನು ಕಳುಹಿಸುತ್ತೇನೆಂದರೂ ಬೇಡವೆನ್ನುತ್ತಾರೆ. ಮನೆ ಮಾರಿ ವೃದ್ಧಾಶ್ರಮಕ್ಕೆ ಸೇರಿಸೋಣ ಎಂಬುದು ಅಣ್ಣನ ಮಾತು. ಮನೆಯೊಳಗೆ ಕ್ಯಾಮೆರಾ ಹಾಕಿಸಿ, ಹಣಕಾಸನ್ನೂ ನಾನೇ ನೋಡಿಕೊಳ್ಳುವುದು ಸರಿಯೇ? ನಂಬಬಹುದಾದ ಪ್ಲಂಬರನನ್ನು ಇಷ್ಟು ದೂರದಿಂದ ಹುಡುಕುವುದು ಹೇಗೆ?
– ಹೆಸರು ಬೇಡ, ಹೈದರಾಬಾದ್

ಉತ್ತರ: ಮಿಕ್ಕ ವಿಷಯಗಳನ್ನು ಸಾವಧಾನವಾಗಿ ಯೋಚಿಸಬಹುದು, ಆದರೆ ಒಂದು ಕೆಲಸ ಇವತ್ತೇ ಆಗಬೇಕು. ನಿಮ್ಮ ತಾಯಿಯವರ ಯುಪಿಐ ಪಿನ್ ಆ ಇಬ್ಬರಿಗೆ ಗೊತ್ತಿದೆ. ಅದನ್ನು ಕೂಡಲೇ ಬದಲಾಯಿಸಬೇಕು, ಕಳೆದ ಎರಡು ತಿಂಗಳ ಬ್ಯಾಂಕ್ ಲೆಕ್ಕವನ್ನು ತೆಗೆಸಿ ತಾಯಿಯವರೊಂದಿಗೆ ಕೂತು ಒಂದೊಂದೇ ಸಾಲನ್ನು ನೋಡಬೇಕು. ಅವರಿಗೆ ತಿಳಿಯದ ವರ್ಗಾವಣೆ ಏನಾದರೂ ಕಂಡರೆ ಬ್ಯಾಂಕಿಗೂ 1930 ಎಂಬ ಸೈಬರ್ ವಂಚನೆ ಸಹಾಯವಾಣಿಗೂ ಅದೇ ದಿನ ತಿಳಿಸಬೇಕು. ಪಿಂಚಣಿ ಮತ್ತು ಠೇವಣಿಯ ಖಾತೆಯನ್ನು ಯುಪಿಐಗೆ ಜೋಡಿಸದೆ, ತಿಂಗಳ ಖರ್ಚಿನಷ್ಟೇ ಹಣವಿರುವ ಬೇರೆ ಖಾತೆಯನ್ನು ಜೋಡಿಸಿದರೆ, ಅವರ ಹಣವನ್ನು ನೀವು ಕೈಗೆ ತೆಗೆದುಕೊಳ್ಳುವ ಅಗತ್ಯವೇ ಬೀಳದೆ ಅಪಾಯ ಕಡಿಮೆಯಾಗುತ್ತದೆ.

ಕಳೆದುಹೋದ 18,000 ರೂಪಾಯಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅವರು ಮತ್ತೆ ಬಂದರೆಂಬ ಸಂಗತಿ. ಆ ಮನೆಯಲ್ಲಿ ವಯಸ್ಸಾದವರೊಬ್ಬರೇ ಇದ್ದಾರೆ, ಕೇಳಿದರೆ ಕೊಡುತ್ತಾರೆ, ಯಾರಿಗೂ ಹೇಳುವುದಿಲ್ಲ ಎಂಬ ಮೂರೂ ಅವರಿಗೆ ತಿಳಿದುಹೋಗಿದೆ. ಇನ್ನೊಮ್ಮೆ ಬಂದರೆ ಗ್ರಿಲ್ಲಿನ ಬೀಗ ತೆಗೆಯದೆ ಒಳಗಿನಿಂದಲೇ ‘ಮಗಳ ಹತ್ತಿರ ಮಾತಾಡಿ’ ಎಂದು ಹೇಳಿ ಬಾಗಿಲು ಹಾಕಿಕೊಳ್ಳಲಿ. ಅವರು ಹೋಗದೆ ಗಲಾಟೆ ಮಾಡಿದರೆ 112ಕ್ಕೆ ಕರೆ ಮಾಡಲಿ. ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸಂಸ್ಥೆಯೂ ಸೇರಿ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ ಇದೆ. ಅದರ ಸಂಖ್ಯೆ 1090. ಇಂಥ ಪ್ರಕರಣವನ್ನು ಅಲ್ಲಿ ಹೇಳಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ದೇಶದ ಬೇರೆ ಊರುಗಳ ಹಿರಿಯರಿಗೆ 14567 ಎಂಬ ಸಂಖ್ಯೆ ಇದೆ.

ಇನ್ನು ನಿಮ್ಮ ಸಿಟ್ಟಿನ ವಿಷಯ. ಸಿಟ್ಟು ಬಂದದ್ದು ಸಹಜ, ಆದರೆ ಅದರ ಫಲವನ್ನು ನೋಡಿ: ತಾಯಿಯವರು ಮೋಸಗಾರರಿಗೆ ಹೆದರಿದ್ದಕ್ಕಿಂತ ನಿಮಗೆ ಹೆಚ್ಚು ಹೆದರಿದ್ದಾರೆ. ಸೊಸೆಯಾಗಿ ಬಂದು ಇಡೀ ಸಂಸಾರವನ್ನು ತೂಗಿಸಿದವರಿಗೆ, ಒಂದು ನಲ್ಲಿ ರಿಪೇರಿಗೆ ಮಗಳ ಅಪ್ಪಣೆ ಬೇಕು ಎನಿಸಿದಾಗ ಅವರು ಹಿಡಿಯುವ ದಾರಿ ಎರಡೇ, ಮುಚ್ಚಿಡುವುದು ಅಥವಾ ರಿಪೇರಿಯನ್ನೇ ಮಾಡಿಸದಿರುವುದು. ಈಗ ಎರಡೂ ನಡೆದಿದೆ. ಮೊಣಕಾಲು ನೋವಿರುವವರು ನಸುಕಿನಲ್ಲಿ ಹಿತ್ತಲ ಮೆಟ್ಟಿಲಿಳಿದು ಒದ್ದೆ ಬಚ್ಚಲಿಗೆ ಹೋಗುವುದು ಎಂಥ ಪ್ಲಂಬರನಿಗಿಂತಲೂ ದೊಡ್ಡ ಅಪಾಯ. ಆದ್ದರಿಂದ ‘ನನ್ನನ್ನು ಕೇಳದೆ ಬಿಡಬೇಡ’ ಎಂಬ ಮಾತನ್ನು ನೀವೇ ಹಿಂದಕ್ಕೆ ತೆಗೆದುಕೊಳ್ಳಿ. ‘ಅವರು ಮೋಸ ಮಾಡಿದರು, ನೀನು ತಪ್ಪು ಮಾಡಲಿಲ್ಲ, ಯಾರಾದರೂ ಬರುವ ಮುಂಚೆ ನನಗೆ ಒಂದು ಫೋನ್ ಮಾಡು, ಮಾತಾಡಿಕೊಂಡು ನಿರ್ಧಾರ ಮಾಡೋಣ’ ಎಂದರೆ ಸಾಕು. ಅವಮಾನವಾಗದಿದ್ದರೆ ಜನ ಮುಚ್ಚಿಡುವುದಿಲ್ಲ.

ಪೈಪ್ ನಿಜವಾಗಿಯೂ ಹಾಳಾಗಿತ್ತೇ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಅದು ಮುಖ್ಯ. ಹಳೆಯ ಮನೆಗಳ ಗೋಡೆಯೊಳಗೆ ಸಾಮಾನ್ಯವಾಗಿ ಜಿಐ ಪೈಪುಗಳು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪುಗಳು ಇರುತ್ತವೆ, ಅವು ಒಳಗಿನಿಂದ ತುಕ್ಕು ಹಿಡಿಯುವುದು ಸುಳ್ಳಲ್ಲ. ಬೆಳಿಗ್ಗೆ ಮೊದಲು ಬರುವ ನೀರು ಕೆಂಪಗಿದ್ದರೆ, ವರ್ಷದಿಂದ ವರ್ಷಕ್ಕೆ ನೀರಿನ ರಭಸ ಕುಗ್ಗುತ್ತಿದ್ದರೆ ಹಾಗೆ ಅನುಮಾನಿಸಬಹುದು. ಆದರೆ ನಲ್ಲಿಯ ಬಾಯಿಂದ ತೊಟ್ಟಿಕ್ಕುವುದಕ್ಕೆ ಸಾಮಾನ್ಯವಾಗಿ ಕಾರಣ ಸವೆದ ವಾಷರ್ ಅಥವಾ ಸ್ಪಿಂಡಲ್ (ನಲ್ಲಿಯೊಳಗೆ ತಿರುಗುವ ಕಡ್ಡಿ), ಅದನ್ನು ಬದಲಾಯಿಸಲು ಗೋಡೆ ಮುಟ್ಟಬೇಕಾಗಿಲ್ಲ. ಗೋಡೆ ಒಡೆಯಬೇಕು ಎಂದು ಯಾರಾದರೂ ಹೇಳಿದರೆ ಮೊದಲು ತೊಟ್ಟಿಕ್ಕುವ ನಲ್ಲಿಯನ್ನು ಸರಿಪಡಿಸಿ, ಆಮೇಲೆ ಒಂದು ರಾತ್ರಿ ಪರೀಕ್ಷೆ ಮಾಡಿಸಿ. ಎಲ್ಲ ನಲ್ಲಿಗಳನ್ನೂ ಫ್ಲಶ್ ಟ್ಯಾಂಕಿಗೆ ನೀರು ಬಿಡುವ ಗೋಡೆಯ ಸಣ್ಣ ನಲ್ಲಿಯನ್ನೂ (ಆಂಗಲ್ ಕಾಕ್) ಮುಚ್ಚಿ, ಮೋಟಾರು ಹಾಕದೆ, ಮೇಲಿನ ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಗುರುತು ಮಾಡಿ, ಬೆಳಿಗ್ಗೆ ನೋಡಿದಾಗ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಇಳಿಯದಿದ್ದರೆ ಟೈಲ್ಸ್ ಒಡೆಯಲು ಕಾರಣವಿಲ್ಲ. ಟ್ಯಾಂಕಿನವರೆಗೆ ತಾಯಿಯವರು ಹತ್ತುವುದು ಬೇಡ, ನೀವು ಹೋದಾಗ ನೋಡಿ, ಇಲ್ಲವೇ ಪಕ್ಕದ ಮನೆಯವರ ನೆರವು ಪಡೆಯಿರಿ. ಸೋರಿಕೆ ಇದೆ ಎಂದಾದರೂ, ಲೈನಿಗೆ ಪ್ರೆಷರ್ ಪಂಪ್ ಹಾಕಿ ಎಲ್ಲಿ ಎಂದು ಪತ್ತೆ ಹಚ್ಚುವ ಪ್ಲಂಬರರು ಇದ್ದಾರೆ, ಸುತ್ತಿಗೆಯಿಂದ ಶುರು ಮಾಡುವವರು ಬೇಡ.

ಇದಕ್ಕಿಂತ ಮುಖ್ಯವಾದದ್ದು, ನೀರನ್ನು ತಾಯಿಯವರೇ ನಿಲ್ಲಿಸುವಂತಾಗಬೇಕು. ಮೋಸ ಮಾಡುವವರ ಬಂಡವಾಳ ಅವಸರ. ನೀರು ಹರಿಯುತ್ತಿದೆ, ನಿಲ್ಲಿಸುವ ವಾಲ್ವ್ ಎಲ್ಲೋ ಮಹಡಿಯ ಮೇಲಿದೆ, ಹತ್ತಲಾಗದು, ಹತ್ತಿದರೂ ವರ್ಷಗಟ್ಟಲೆ ತಿರುಗಿಸದ ಗೇಟ್ ವಾಲ್ವ್ ಕಚ್ಚಿಕೊಂಡಿರುತ್ತದೆ. ಆಗ ಗೇಟಿನ ಮೇಲೆ ಕಂಡ ನಂಬರಿಗೇ ಕೈ ಹೋಗುತ್ತದೆ. ಬಚ್ಚಲುಮನೆಗೂ ಅಡುಗೆಮನೆಗೂ ಬರುವ ಲೈನಿನಲ್ಲಿ, ನಿಂತಲ್ಲೇ ಕೈಗೆಟಕುವ ಎತ್ತರದಲ್ಲಿ, ಉದ್ದ ಹಿಡಿಕೆಯ ಬಾಲ್ ವಾಲ್ವ್ ಒಂದೊಂದನ್ನು ಹಾಕಿಸಿ. ಅದನ್ನು ಕಾಲು ಸುತ್ತು ತಿರುಗಿಸಿದರೆ ನೀರು ನಿಲ್ಲುತ್ತದೆ, ಬೆರಳಿಗೆ ಬಲ ಬೇಕಾಗಿಲ್ಲ. ಯಾವುದು ಬಚ್ಚಲಿನದು, ಯಾವುದು ಅಡುಗೆಮನೆಯದು ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಒಂದೆರಡು ಸಲ ಅವರ ಕೈಯಲ್ಲೇ ತಿರುಗಿಸಿ ನೋಡಿಸಿ. ಆಮೇಲೆ ಪೈಪ್ ಒಡೆದರೂ ನೀರು ನಿಲ್ಲಿಸಿ, ನಿಮಗೆ ಫೋನ್ ಮಾಡಿ, ಗೊತ್ತಿರುವ ಪ್ಲಂಬರ್ ಮರುದಿನ ಬರುವವರೆಗೆ ಅವರು ನೆಮ್ಮದಿಯಾಗಿ ಕಾಯಬಹುದು.

ಗೊತ್ತಿರುವ ಪ್ಲಂಬರನನ್ನು ಹುಡುಕಲು ಅಂತರ್ಜಾಲಕ್ಕಿಂತ ಒಳ್ಳೆಯ ಜಾಗ ನಿಮ್ಮ ಬೀದಿಯ ಹಾರ್ಡ್‌ವೇರ್ ಅಥವಾ ಸ್ಯಾನಿಟರಿ ಅಂಗಡಿ. ಅಂಗಡಿಯವರಿಗೆ, ದಿನವೂ ಸಾಮಾನು ಕೊಳ್ಳುವವರಲ್ಲಿ ಯಾರು ಸಾಲ ಸರಿಯಾಗಿ ತೀರಿಸುತ್ತಾರೆ, ಯಾರ ಕೆಲಸದ ಬಗ್ಗೆ ಜನ ಮತ್ತೆ ಬಂದು ದೂರುತ್ತಾರೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಅವರು ಹೇಳಿದ ಹೆಸರು ಪಕ್ಕದ ಎರಡು ಮನೆಯವರ ಬಾಯಲ್ಲೂ ಬಂದರೆ ಆತನೇ ಸರಿ. ಹತ್ತಿರದ ಅಪಾರ್ಟ್‌ಮೆಂಟಿಗೆ ಖಾಯಂ ಆಗಿ ಬರುವ ಪ್ಲಂಬರನನ್ನೂ ಕೇಳಬಹುದು. ಆ್ಯಪ್‌ಗಳ ಮೂಲಕ ಬರುವ ಸೇವೆಯಲ್ಲಿ ದರ ಮೊದಲೇ ತಿಳಿಯುತ್ತದೆ, ಹೈದರಾಬಾದಿನಿಂದ ನೀವೇ ಕರೆಸಿ ನೀವೇ ಹಣ ಕಟ್ಟಬಹುದು, ಅದು ಸಣ್ಣ ಅನುಕೂಲವಲ್ಲ. ಆದರೆ ಪ್ರತಿ ಸಲವೂ ಹೊಸ ಮುಖ ಬರುವ ಸಂಭವವಿದೆ, ಕಿವಿ ಮಂದವಾದವರಿಗೆ ಹೊಸಬರೊಂದಿಗೆ ವ್ಯವಹರಿಸುವುದೇ ಕಷ್ಟ. ಹುಡುಕು ತಾಣದಲ್ಲಿ ಗೀಸರ್ ಕಂಪನಿಯ ‘ಕಸ್ಟಮರ್ ಕೇರ್’ ಎಂದು ಕಾಣುವ ನಂಬರುಗಳನ್ನು ಮಾತ್ರ ನಂಬಲೇಬೇಡಿ. ಕಂಪನಿಯ ವಾರಂಟಿ ಕಾರ್ಡಿನಲ್ಲಿರುವ ನಂಬರೇ ಸರಿ. ಫೋನಿಗೆ ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದು ಹೇಳುವ ಪ್ಲಂಬರ್ ಪ್ಲಂಬರನೇ ಅಲ್ಲ.

ಇಲ್ಲೊಂದು ಮಾತು ಹೇಳಬೇಕೆನಿಸುತ್ತದೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಲ್ಲಿ ಒಡಿಶಾದವರು ಬಹಳ ಜನ. ಅಲ್ಲಿನ ಕೇಂದ್ರಾಪಡಾ ಜಿಲ್ಲೆ ಪ್ಲಂಬರರಿಗೇ ಹೆಸರಾದದ್ದು, ಆ ಜಿಲ್ಲೆಯ ಪಟ್ಟಾಮುಂಡೈಯಲ್ಲಿ ಪ್ಲಂಬಿಂಗ್ ಕಲಿಸುವ ಸರ್ಕಾರಿ ಸಂಸ್ಥೆಯೇ ಇದೆ. ಕನ್ನಡ ಬಾರದ ಹುಡುಗನೆಂಬ ಒಂದೇ ಕಾರಣಕ್ಕೆ ತಾಯಿಯವರು ಹೆದರುವುದೂ, ಅಚ್ಚ ಕನ್ನಡದಲ್ಲಿ ‘ಅಮ್ಮಾ’ ಎಂದವನನ್ನು ತಕ್ಷಣ ನಂಬುವುದೂ ಎರಡೂ ಬೇಡ. ಭಾಷೆಯ ತೊಡಕಿದ್ದರೆ ಆತನ ಮಾತನ್ನು ಫೋನಿನಲ್ಲಿ ನೀವು ಕೇಳಿ ತಾಯಿಯವರಿಗೆ ವಿವರಿಸಬಹುದು.

ಮೊದಲ ಸಲದ ಕೆಲಸಕ್ಕೆ ನೀವೇ ಎರಡು ದಿನ ರಜೆ ಹಾಕಿ ಹೋಗಿ. ಆದರೆ ಪ್ಲಂಬರನೊಂದಿಗೆ ನೀವು ಮಾತಾಡುವುದು ಕಡಿಮೆ ಇರಲಿ. ‘ಅಮ್ಮನನ್ನು ಕೇಳಿ, ಮನೆ ಅವರದ್ದು’ ಎಂದು ಹೇಳಿ, ಬಚ್ಚಲುಮನೆಯ ಬಾಗಿಲಲ್ಲಿ ಅವರಿಗೆ ಒಂದು ಕುರ್ಚಿ ಹಾಕಿ. ಕೂಲಿ ಎಷ್ಟು, ಸಾಮಾನು ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳುವುದು, ಸಾಮಾನನ್ನು ಅಂಗಡಿಯ ಬಿಲ್ಲಿನೊಂದಿಗೆ ತರಿಸುವುದು, ತೆಗೆದ ಹಳೆಯ ಭಾಗವನ್ನು ತಮ್ಮ ಕೈಗೆ ಕೊಡಲು ಹೇಳುವುದು ಅವರ ಕೆಲಸವಾಗಲಿ. ಕಿವಿ ಕೇಳಿಸದವರಿಗೆ ಬಾಯಲ್ಲಿ ಹೇಳಿದ ಲೆಕ್ಕಕ್ಕಿಂತ ಸವೆದ ವಾಷರು ಹೆಚ್ಚು ಸ್ಪಷ್ಟವಾಗಿ ಮಾತಾಡುತ್ತದೆ. ನೀರು ಬಿಟ್ಟು ಸ್ವಲ್ಪ ಹೊತ್ತು ನೋಡಿದ ಮೇಲೆಯೇ ಹಣ, ಅದೂ ಅವರ ಕೈಯಿಂದಲೇ. ಫೋನನ್ನು ಯಾರ ಕೈಗೂ ಕೊಡುವುದಿಲ್ಲ ಎಂಬುದೊಂದು ಮನೆಯ ನಿಯಮವೆಂದು ಅವರೇ ಹೇಳಿದರೆ ಯಾವ ಪ್ರಾಮಾಣಿಕ ಕೆಲಸಗಾರನೂ ಬೇಸರಪಡುವುದಿಲ್ಲ. ಮುಂದಿನ ಸಲಗಳಲ್ಲಿ, ಪಕ್ಕದ ಮನೆಯವರು ಇರುವ ಹಗಲು ಹೊತ್ತಿನಲ್ಲೇ ಆತನನ್ನು ಕರೆಸುವಂತೆ ನೋಡಿಕೊಳ್ಳಿ.

ಹೇಗಿದ್ದರೂ ಒಡೆದ ಟೈಲ್ಸ್ ಹಾಕಿಸಬೇಕಲ್ಲ, ಆಗಲೇ ಕಮೋಡಿನ ಪಕ್ಕದಲ್ಲೂ ಸ್ನಾನದ ಜಾಗದಲ್ಲೂ ಹಿಡಿಗಂಬಿ ಹಾಕಿಸಿ. ಇಟ್ಟಿಗೆಯೊಳಗೆ ರಂಧ್ರ ಕೊರೆದು ಆ್ಯಂಕರ್ ಫಾಸ್ಟನರ್ (ಗೋಡೆಯೊಳಗೆ ಬಿಗಿದುಕೊಳ್ಳುವ ಬೋಲ್ಟ್) ಹಾಕಿ ಕೂರಿಸಿದ ಕಂಬಿಯೇ ಭಾರ ತಾಳುವುದು. ಟವೆಲ್ ರಾಡನ್ನು ಆಧಾರವೆಂದು ಹಿಡಿದು ಬಿದ್ದವರು ಬೇಕಾದಷ್ಟು ಜನ. ತಿರುಗಿಸುವ ನಲ್ಲಿಗಳ ಬದಲು ಹಿಡಿಕೆಯ ನಲ್ಲಿಗಳು ಬರಲಿ, ಗೀಸರಿನ ಥರ್ಮೋಸ್ಟಾಟನ್ನು 50 ಡಿಗ್ರಿ ಸೆಲ್ಸಿಯಸ್‌ಗೆ ಮೀರದಂತೆ ಇಡಿಸಿ. 60 ಡಿಗ್ರಿಯ ನೀರು ವಯಸ್ಸಾದವರ ತೆಳುವಾದ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಗೀಸರಿನ ವೈರಿಂಗ್ ಮತ್ತು ಅರ್ಥಿಂಗ್ ಮಾತ್ರ ಎಲೆಕ್ಟ್ರಿಷಿಯನ್ ನೋಡಬೇಕು.

ಎಲ್ಲ ನೀರಿನ ತೊಂದರೆಗೂ ಖಾಸಗಿಯವರೇ ಬೇಕೆಂದಿಲ್ಲ. ಮೀಟರಿಗಿಂತ ಮುಂಚೆ ರಸ್ತೆಯ ಕಡೆ ಸೋರಿದರೆ, ಇಲ್ಲವೇ ಹೊರಗಿನ ಒಳಚರಂಡಿ ಕಟ್ಟಿಕೊಂಡರೆ ಅದು ಜಲಮಂಡಳಿಯ ಕೆಲಸ, ಸಂಖ್ಯೆ 1916. ಒಳಚರಂಡಿಯ ಚೇಂಬರಿನೊಳಗೆ (ಗುಂಡಿಯೊಳಗೆ) ಆಳನ್ನು ಇಳಿಸುತ್ತೇನೆ ಎನ್ನುವವರನ್ನು ಅಲ್ಲಿಂದಲೇ ಕಳುಹಿಸಿಬಿಡಿ. ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ, ಸುರಕ್ಷಾ ಸಾಧನಗಳಿಲ್ಲದೆ ಹಾಗೆ ಇಳಿಸುವುದನ್ನು ನಿಷೇಧಿಸಿದೆ.

ಹಣ ವಾಪಸು ಬರುತ್ತದೆಯೇ ಎಂದರೆ, ಖಚಿತವಾಗಿ ಹೇಳಲಾಗದು. ಗ್ರಾಹಕ ಆಯೋಗದಲ್ಲಿ ಸೇವಾಲೋಪದ ದೂರನ್ನು ಎರಡು ವರ್ಷದೊಳಗೆ ಕೊಡಬಹುದು, 5 ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಆದರೆ ಎದುರಾಳಿಯ ಹೆಸರು ವಿಳಾಸ ಬೇಕು, ಸ್ಟಿಕ್ಕರಿನಲ್ಲಿ ಇರುವುದು ಮೊಬೈಲ್ ನಂಬರು ಮಾತ್ರ. ಆದರೂ 12,000 ರೂಪಾಯಿ ಹೋದ ಖಾತೆಯ ವಿವರ ಬ್ಯಾಂಕಿನಲ್ಲಿದೆ. ಅದನ್ನು ಮುಂದಿಟ್ಟು ಠಾಣೆಯಲ್ಲಿ ದೂರು ಬರೆದುಕೊಡಿ, ಸ್ಟಿಕ್ಕರನ್ನು ಕಿತ್ತೆಸೆಯುವ ಮೊದಲು ಅದರ ಫೋಟೊ ತೆಗೆದಿಡಿ. ದೂರು ಕೊಡಬೇಕೋ ಬೇಡವೋ ಎಂಬುದನ್ನು ತಾಯಿಯವರ ಇಷ್ಟಕ್ಕೆ ಬಿಡಿ.

ಕ್ಯಾಮೆರಾ ಮನೆಯೊಳಗೆ ಬೇಡ. ಬಾಗಿಲಲ್ಲಿ ಬಂದವರ ಮುಖ ತೋರಿಸುವ ಬೆಲ್ ಒಂದನ್ನು ಹಾಕಿಸಬಹುದು, ಅದೂ ಅವರು ಒಪ್ಪಿದರೆ. ನಿಮ್ಮ ಅಣ್ಣನ ಮಾತಿಗೆ ಬಂದರೆ, ಸೋರುವ ನಲ್ಲಿಯನ್ನು ಕಾರಣ ಮಾಡಿಕೊಂಡು ಮನೆ ಮಾರುವ ಮಾತೆತ್ತುವುದನ್ನು ನಾನು ಒಪ್ಪುವುದಿಲ್ಲ. ತಾಯಿಯವರು ಎಷ್ಟು ದಿನ ಒಬ್ಬರೇ ಇರಬಲ್ಲರು ಎಂಬ ಪ್ರಶ್ನೆ ನಿಜವಾದದ್ದೇ. ಬಚ್ಚಲು ಸರಿಹೋಗಿ, ಕಾಲು ಮತ್ತು ಕಿವಿಯನ್ನು ವೈದ್ಯರಿಗೆ ತೋರಿಸಿದ ಮೇಲೆ, ಅಣ್ಣನನ್ನು ವಿಡಿಯೋ ಕರೆಯಲ್ಲಿ ಕೂರಿಸಿಕೊಂಡು ಮೂವರೂ ಮಾತಾಡಿ, ಮೊದಲ ಮಾತು ತಾಯಿಯವರದ್ದಾಗಿರಲಿ.